ಗಿಟಾರುಗಳ ಬಾಣಂತನ

ವರ್ಷಕ್ಕೆ ಮೂರು ತಿಂಗಳು ಜುಂಜಮ್ಮ ತುದಿಗಾಲಲ್ಲಿ ನಡೆಯುತ್ತಿದ್ದಳು. ಕಾರ್ತೀಕ ಕಳೆದು, ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಒಣಗಾಳಿ ಇಳಿಯತೊಡಗಿತೆಂದರೆ ಸಾಕು, ಅವಳ ಹಿಮ್ಮಡಿಗಳು ನೀರಿಂಗಿದ ಕೆರೆಯ ಅಂಗಳದಂತೆ ಬಿರುಕು ಬಿಡುತ್ತಿದ್ದವು. ಅಲ್ಲಿಂದ ಶಿವರಾತ್ರಿಯವರೆಗೆ ಹಿಮ್ಮಡಿಯನ್ನು ನೆಲಕ್ಕೆ ಸೋಕಿಸದೆ, ಮುಂಗಾಲ ಮೇಲೆ ಭಾರ ಹಾಕಿ, ಸೊಂಟವನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿ ಅವಳು ಹೆಜ್ಜೆಯಿಡುತ್ತಿದ್ದ ರೀತಿಯನ್ನು ಹೊಸಬರು ಕಂಡರೆ, ಈ ಹೆಂಗಸು ಮಲಗಿದ ಕೂಸನ್ನು ಎಬ್ಬಿಸದಂತೆ ಕೋಣೆ ದಾಟುತ್ತಿದ್ದಾಳೆ ಎಂದುಕೊಳ್ಳಬೇಕಿತ್ತು. ಶಾಲೆಯ ಮೇಷ್ಟರುಗಳಿಗೆ ಆ ಹಿಮ್ಮಡಿಯೇ ಪಂಚಾಂಗ. "ಏನ್ ಜುಂಜಮ್ಮ, ಇವತ್ತೆಷ್ಟೈತೆ?" ಎಂದು ಅವರು ಕೇಳುವುದು, "ನಲವತ್ತರ ಕೆಳಗೈತೆ ಸಾ, ಎಡಗಾಲು ರಕ್ತ ತೋರಿಸ್ತು" ಎಂದು ಅವಳು ಹೇಳುವುದು, ಎಲ್ಲರೂ ನಗುವುದು. ನಲವತ್ತು ಎಂದರೆ ಗಾಳಿಯಲ್ಲಿರುವ ತೇವ, ನೂರಕ್ಕೆ ನಲವತ್ತು. ಅದಕ್ಕಿಂತ ಕೆಳಗಿಳಿದರೆ ಗಿಟಾರಿನ ಮರ ಒಡೆಯುತ್ತದೆ. ಜುಂಜಮ್ಮ ಎಂಟು ಚಳಿಗಾಲ ಹತ್ತು ಗಿಟಾರುಗಳನ್ನು ಒಡೆಯದಂತೆ ಕಾದವಳು, ಮತ್ತು ಆ ಎಂಟು ವರ್ಷಗಳಲ್ಲಿ ಅವುಗಳ ಒಂದು ತಂತಿಯನ್ನೂ ಮೀಟದವಳು.

ಅವಳಿದ್ದುದು ಹೊಳಲ್ಕೆರೆ ತಾಲ್ಲೂಕಿನಲ್ಲಿ, ಚಿಕ್ಕಜಾಜೂರಿಗೆ ಹೋಗುವ ದಾರಿಯ ಒಂದು ಊರಿನ ಹೆಣ್ಣುಮಕ್ಕಳ ಸರ್ಕಾರಿ ಪ್ರೌಢಶಾಲೆಯಲ್ಲಿ. ಊರಿನ ಹೆಸರು ಹೇಳದಿರುವುದೇ ಲೇಸು. ಅಲ್ಲಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಒಂದು ಮಾತು ಹೆಚ್ಚುಕಡಿಮೆಯಾದರೂ ಬಸ್ಸು ಹತ್ತಿ ಬಂದು ಕೇಳಿಯಾರು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಕಾಗದಪತ್ರ ಒಯ್ಯುವುದು, ಹೊಟ್ಟೆನೋವೆಂದು ಮುಖ ಕಿವುಚಿಕೊಂಡ ಹುಡುಗಿಯರಿಗೆ ಬಿಸಿನೀರು ಕಾಯಿಸಿ ಕೊಡುವುದು, ಇದಿಷ್ಟು ಅವಳ ನೌಕರಿ. ಮೊದಲು ಇದೆಲ್ಲ ಅವಳ ಗಂಡ ಓಬಯ್ಯನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದು ಮೆಟ್ಟಿಲ ಮೇಲೆ ಕುಳಿತ ಓಬಯ್ಯ ಮತ್ತೆ ಏಳಲಿಲ್ಲ. ಅನುಕಂಪದ ಮೇಲೆ ನೌಕರಿ ಹೆಂಡತಿಗೆ ಬಂತು, ನೌಕರಿಯ ಜೊತೆಯಲ್ಲಿ ಅವನ ಖಾಕಿ ಕೋಟೂ ಬಂತು. ಗಂಡಸಿನ ಅಳತೆಯ ಆ ಕೋಟಿನ ತೋಳನ್ನು ಎರಡು ಸಲ ಮಡಚಿದರೂ ಅದು ಅಂಗೈವರೆಗೆ ಜಾರುತ್ತಿತ್ತು. ಬಲಜೇಬಿನಲ್ಲಿ ಬೀಗದ ಕೈಗಳು, ಎಡಜೇಬಿನಲ್ಲಿ ಸದಾಕಾಲ ಒಂದು ಒದ್ದೆ ಬಟ್ಟೆ. ವರ್ಷಗಟ್ಟಲೆಯ ತೇವಕ್ಕೆ ಎಡಗಡೆಯ ಖಾಕಿ ಬಣ್ಣಗೆಟ್ಟು, ಕೋಟು ಎರಡು ಬೇರೆ ಬೇರೆ ಥಾನಿನ ಬಟ್ಟೆಯಲ್ಲಿ ಹೊಲಿಸಿದಂತೆ ಕಾಣುತ್ತಿತ್ತು.

ಮಾತು ಕಡಿಮೆ. ಆಡಿದ ಮಾತಿನ ಕೊನೆಗೆ "ಇನ್ನೇನ್ ಮತ್ತೆ" ಎಂದು ಸೇರಿಸುವುದು ರೂಢಿ. ಗಂಡ ಸತ್ತದ್ದನ್ನು ಹೇಳಿ "ಇನ್ನೇನ್ ಮತ್ತೆ" ಎನ್ನುತ್ತಿದ್ದಳು, ಮಗಳು ಲತಾಳನ್ನು ಹೊಸದುರ್ಗದ ಕಡೆ ಕೊಟ್ಟದ್ದನ್ನು ಹೇಳಿಯೂ "ಇನ್ನೇನ್ ಮತ್ತೆ" ಎನ್ನುತ್ತಿದ್ದಳು. ಅದರಲ್ಲಿ ದೂರು ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಹೊರೆ ಇಳಿಸಿದವರು ಬಿಡುವ ಉಸಿರೂ ಅದಲ್ಲ, ಏಕೆಂದರೆ ಹೊರೆ ಎಲ್ಲಿ ಇಳಿದಿತ್ತು?

ಗಿಟಾರುಗಳು ಬಂದದ್ದು ಗಾಳಿಯ ದೆಸೆಯಿಂದ. ಗುಡ್ಡದ ಸಾಲಿನ ಮೇಲೆ ದೈತ್ಯಾಕಾರದ ಗಾಳಿಯಂತ್ರಗಳನ್ನು ನಿಲ್ಲಿಸಿದ ಕಂಪನಿಯೊಂದು, ಸುತ್ತಲಿನ ಊರುಗಳಿಗೆ ಏನಾದರೂ ಮಾಡಬೇಕೆಂಬ ಸದ್ಬುದ್ಧಿ ಹುಟ್ಟಿ, ಈ ಶಾಲೆಗೆ ಹತ್ತು ಗಿಟಾರುಗಳನ್ನೂ, ಅವಕ್ಕೆ ಹತ್ತು ಕರಿಯ ಗಟ್ಟಿಪೆಟ್ಟಿಗೆಗಳನ್ನೂ, ಮೋಹನ್‌ಕುಮಾರ್ ಎಂಬ ಮೇಷ್ಟರನ್ನೂ ಕಳುಹಿಸಿಕೊಟ್ಟಿತು. ಯಾವ ಗಾಳಿ ಕಂಪನಿಯ ರೆಕ್ಕೆಗಳನ್ನು ತಿರುಗಿಸುತ್ತಿತ್ತೋ ಅದೇ ಗಾಳಿ ಅದರ ಗಿಟಾರುಗಳನ್ನು ಸೀಳಬಲ್ಲದು ಎಂಬುದು ಕೊಟ್ಟವರಿಗೂ ಹೊಳೆಯಲಿಲ್ಲ, ಇಸಿದುಕೊಂಡವರಿಗೂ ಹೊಳೆಯಲಿಲ್ಲ. ಹೊಳೆದದ್ದು ಮೋಹನ್‌ಕುಮಾರರಿಗೆ. ಹಿರಿಯೂರಿನ ಹುಡುಗ, ಸಣಕಲು ಮೈ, ಕಿವಿ ಮುಚ್ಚುವ ಕೂದಲು, ಹುಡುಗಿಯರ ಜೊತೆ ತಾನೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕಲಿಸುವ ಆಸಾಮಿ. ಮೊದಲ ಡಿಸೆಂಬರಿನಲ್ಲಿ ಅವರು ಜುಂಜಮ್ಮನನ್ನು ಸಾಮಾನು ಕೋಣೆಗೆ ಕರೆದು ಒಂದು ಪೆಟ್ಟಿಗೆ ತೆರೆದರು.

"ಇದರ ಮೈ ಎಷ್ಟು ತೆಳು ನೋಡ್ರಿ ಜುಂಜಮ್ಮ, ಹಪ್ಪಳ ಇದ್ದಂಗೈತೆ. ಗಾಳಿ ಒಣಗ್ತು ಅಂದ್ರೆ ಮರ ತನ್ನೊಳಗಿನ ನೀರನ್ನ ಗಾಳಿಗೆ ಕೊಟ್ಬಿಡ್ತದೆ. ಮೈ ಕುಗ್ತದೆ. ಕುಗ್ಗಿ ಕುಗ್ಗಿ ಒಂದಿನ ಸೀಳ್ತದೆ."

"ನಮ್ಮಪ್ಪನ ಗಣೆನೂ ಹಿಂಗೇ ಒಡೀತು ಮೇಷ್ಟ್ರೇ" ಎಂದಳು ಜುಂಜಮ್ಮ.

ಅವಳು ಹಿರಿಯೂರು ಸೀಮೆಯ ಒಂದು ಗೊಲ್ಲರ ಹಟ್ಟಿಯ ಮಗಳು. ಅಪ್ಪ ಗೊಲ್ಲಪ್ಪ ಹಗಲೆಲ್ಲ ಕುರಿಗಳ ಹಿಂದೆ ಇದ್ದು, ಹಬ್ಬದ ದಿನಗಳಲ್ಲಿ ಗಣೆ ಊದುತ್ತಿದ್ದ. ಗಣೆಯೆಂದರೆ ಮೂರು ಮೊಳದ ಬಿದಿರಿನ ಕೊಳಲು. ಕಂಠದ ಬುಡದಿಂದ ಬಂದಂತೆ ಅದರ ದನಿ. ಮಕ್ಕಳು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. "ನುಡಿಸಕ್ ಬರದೋರು ಬಾಯಿ ಇಡಬಾರ್ದು" ಎಂಬುದು ಅವನ ಕಟ್ಟಪ್ಪಣೆ. ಅವನ ಉಸಿರಿನ ತೇವ ಬೀಳುತ್ತಿದ್ದಷ್ಟು ಕಾಲ ಆ ಬಿದಿರಿಗೆ ಏನೂ ಆಗಲಿಲ್ಲ. ಗೊಲ್ಲಪ್ಪ ಸತ್ತ ವರ್ಷದ ಮಾಗಿಯಲ್ಲಿ, ಜಂತೆಯಲ್ಲಿ ತೂಗುಹಾಕಿದ್ದ ಗಣೆ ಒಂದು ಮಟಮಟ ಮಧ್ಯಾಹ್ನ ತೊಗರಿಕಾಯಿ ಸಿಡಿದಂತೆ ಟಪ್ಪೆಂದು ಸದ್ದುಮಾಡಿ ಉದ್ದಕ್ಕೆ ಸೀಳಿತು. ಒಲೆಯ ಮುಂದೆ ಕುಳಿತಿದ್ದ ಜುಂಜಮ್ಮನಿಗೆ ಅಪ್ಪ ಸತ್ತದ್ದು ಖಚಿತವಾದದ್ದು ಆಗಲೇ.

"ಊದೋರಿಲ್ದೆ ಒಡೀತು. ಉಸಿರು ಬೀಳ್ಲಿಲ್ಲ ನೋಡ್ರಿ. ಇದಕ್ಕೆ ಉಸಿರು ಬೀಳೋ ಹಂಗೇ ಇಲ್ವಲ್ಲ ಮೇಷ್ಟ್ರೇ, ಕೈಯಾಗೆ ಬಾರ್ಸೋದು?"

ಮೋಹನ್‌ಕುಮಾರ್ ಪೆಟ್ಟಿಗೆಯನ್ನು ಅವಳ ಕಡೆಗೆ ತಿರುಗಿಸಿದರು. ಹುಡುಗಿಯರಿಗೆ ಒಂದು ವಾರ ಹೇಳಿದರೂ ತಲೆಗೆ ಹೋಗದ ವಿಷಯವನ್ನು ಈ ಹೆಂಗಸು ತಾನೇ ಹೇಳಿಬಿಟ್ಟಿದ್ದಳು. ಆಮೇಲೆ ಅವರು ಕಲಿಸಿದ್ದು ಬಹಳ ಸರಳ. ಪ್ಲಾಸ್ಟಿಕ್ಕಿನ ಸೋಪು ಡಬ್ಬಿಗೆ ಕಾಯಿಸಿದ ದಬ್ಬಣದಿಂದ ತೂತು ಹಾಕಬೇಕು. ಹಳೆಯ ನೂಲಿನ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ, ಒಂದು ಹನಿಯೂ ಬೀಳದಷ್ಟು ಹಿಂಡಿ, ಮಡಚಿ ಡಬ್ಬಿಯೊಳಗಿಡಬೇಕು. ಗಿಟಾರಿನ ತಲೆಯ ಕೆಳಗೊಂದು, ಸೊಂಟದ ಪಕ್ಕಕ್ಕೊಂದು ಡಬ್ಬಿಯಿಟ್ಟು ಪೆಟ್ಟಿಗೆ ಮುಚ್ಚಬೇಕು. ನೀರು ಮರಕ್ಕೆ ತಾಗಕೂಡದು, ನೀರಿನ ಆವಿ ತಾಗಬೇಕು. ಸೋಮವಾರ ಒಮ್ಮೆ, ಗುರುವಾರ ಒಮ್ಮೆ. ಕೈಗಡಿಯಾರದಷ್ಟೇ ಚಿಕ್ಕದಾದ ತೇವದ ಮೀಟರೊಂದನ್ನೂ ಕೊಟ್ಟರು. ಮುಳ್ಳು ನಲವತ್ತರ ಕೆಳಗಿಳಿಯಬಾರದು, ಅರವತ್ತು ದಾಟಬಾರದು. ಬೇಸಿಗೆಯಲ್ಲೂ ಇದೇ ಪಥ್ಯ, ಮೊದಲ ಮಳೆಯವರೆಗೆ. ಆದರೆ ಚಳಿಗಾಲವೇ ಕಳ್ಳ ಎಂದರು. ಬೇಸಿಗೆ ಒಣಗಿಸುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಮಾಗಿ ಒಣಗಿಸುವುದು ಕಾಣುವುದಿಲ್ಲ. ತಂಪಾಗಿದೆಯಲ್ಲ, ಇನ್ನೇಕೆ ನೀರು ಎಂದು ಜನ ಮೋಸಹೋಗುತ್ತಾರೆ.

ಒಂದೂವರೆ ವರ್ಷ ಕಳೆಯುವುದರೊಳಗೆ ಕಂಪನಿಯ ಸದ್ಬುದ್ಧಿ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಮೋಹನ್‌ಕುಮಾರ್ ಹೊರಡುವ ದಿನ ಹುಡುಗಿಯರೆಲ್ಲ ಅತ್ತರು. ಅವರು ಕೋಣೆಯ ಬೀಗದ ಕೈಯನ್ನು ಜುಂಜಮ್ಮನ ಕೈಯಲ್ಲಿಟ್ಟು, "ನಾನೇ ಬರ್ತೀನಿ, ಇಲ್ಲಾಂದ್ರೆ ಯಾರನ್ನಾದ್ರೂ ಕಳಿಸೇ ಕಳಿಸ್ತಾರೆ. ಅಲ್ಲೀವರ್ಗೂ ಒಡೀದಂಗೆ ನೋಡ್ಕಳ್ರಿ" ಎಂದರು. "ಆಯ್ತು ಬಿಡ್ರಿ, ಇನ್ನೇನ್ ಮತ್ತೆ" ಎಂದಳು ಜುಂಜಮ್ಮ. ಅಷ್ಟೇ ಆದದ್ದು. ಕಾಗದವಿಲ್ಲ, ಸಾಕ್ಷಿಯಿಲ್ಲ, ಆಣೆಯಿಲ್ಲ. ಮೇಷ್ಟರು ಬಂದಾಗ ಈ ಶಾಲೆಯ ಹುಡುಗಿಯರು ನುಡಿಸಲು ಹತ್ತೂ ಗಿಟಾರು ಹದವಾಗಿರಬೇಕು ಎಂಬ ಒಂದೇ ಮಾತನ್ನು ಹಿಡಿದುಕೊಂಡು ಅವಳು ಎಂಟು ಚಳಿಗಾಲ ಸವೆಸಿದಳು.

ಮೊದಲ ಚಳಿಗಾಲದಲ್ಲೇ ಒಂದು ತಪ್ಪಾಯಿತು. ಆ ವರ್ಷ ಮಾಗಿ ವಿಪರೀತ. ಮೀಟರಿನ ಮುಳ್ಳು ದಿನದಿನಕ್ಕೆ ಜಾರಿ ಮೂವತ್ತಕ್ಕೆ ಬಂತು. ಎರಡು ಡಬ್ಬಿ ನಾಲ್ಕಾದವು, ಬಟ್ಟೆಗಳು ಇಟ್ಟ ಮರುದಿನವೇ ಹಪ್ಪಳದಂತೆ ಗರಿಗರಿಯಾಗತೊಡಗಿದವು. ಜುಂಜಮ್ಮನಿಗೆ ಜೀವ ಹಾರಿಹೋದಂತಾಯಿತು. ಅಪ್ಪ ಗಣೆಗೆ ವರ್ಷಕ್ಕೊಮ್ಮೆ ಹರಳೆಣ್ಣೆ ಕುಡಿಸುತ್ತಿದ್ದುದು ನೆನಪಾಯಿತು. ಒಣಮರಕ್ಕೆ ಎಣ್ಣೆಗಿಂತ ದೊಡ್ಡ ಮದ್ದು ಯಾವುದಿದೆ? ಏಳನೆಯ ಪೆಟ್ಟಿಗೆ ತೆರೆದು, ತಂತಿಗಳನ್ನು ಪಕ್ಕಕ್ಕೆ ಸರಿಸಿ, ಗಿಟಾರಿನ ದುಂಡುಬಾಯಿಯೊಳಗೆ ಕೈತೂರಿಸಿ, ಬೆಚ್ಚಗಿನ ಹರಳೆಣ್ಣೆಯನ್ನು ಒಳಮೈಗೆಲ್ಲ ಸವರಿದಳು, ಮಗುವಿಗೆ ಎಣ್ಣೆ ಒತ್ತುವಷ್ಟೇ ಅಕ್ಕರೆಯಿಂದ. ಗುರುವಾರ ಪೆಟ್ಟಿಗೆ ತೆರೆದರೆ ಎಣ್ಣೆ ತೆಳುಮರವನ್ನು ದಾಟಿ ಹೊರಮೈಗೆ ಬಂದು, ದುಂಡುಬಾಯಿಯ ಕೆಳಗೆ ಅಂಗೈಯಗಲದ ಕಪ್ಪು ಕಲೆಯಾಗಿ ನಿಂತಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಮೋಹನ್‌ಕುಮಾರರಿಗೆ ಫೋನು ಮಾಡಿ ಹೇಳಿದಳು, ಅವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಆಮೇಲೆ "ಎಣ್ಣೆ ಬ್ಯಾಡ ಜುಂಜಮ್ಮ, ನೀರು ಸಾಕು. ಎಣ್ಣೆ ಕುಡಿದ ಮರ ದನಿ ಬಿಡಲ್ಲ" ಎಂದರು. ಆಮೇಲಾಮೇಲೆ ಅವರ ಫೋನೇ ಸಿಗದಾಯಿತು. ಆದರೆ ಆ ನಗುವಿನ ನಂತರದ ಮೌನ ಜುಂಜಮ್ಮನ ಕಿವಿಯಲ್ಲಿ ಉಳಿದುಹೋಯಿತು. ಅವಳು ಕುರಿಗಳಿಗೆ ಇಡುವಂತೆ ಗಿಟಾರುಗಳಿಗೂ ಹೆಸರಿಟ್ಟಿದ್ದಳು. ಮರದಲ್ಲಿ ಗಂಟಿನ ಗುರುತಿದ್ದದ್ದು ಚುಕ್ಕಿ, ತಂತಿ ತಿರುವುವ ಒಂದು ಕಿವಿಯ ತುದಿ ಮುರಿದಿದ್ದದ್ದು ಮೋಟುಗಿವಿ, ಕೆಂಪುಮರದ್ದು ಕೆಂಚಿ. ಏಳನೆಯದಕ್ಕೆ ಅಂದಿನಿಂದ ಮಚ್ಚೆ ಎಂದು ಹೆಸರಾಯಿತು.

ಮೀಟರು ಮೂರನೆಯ ವರ್ಷ ಕೆಟ್ಟಿತು. ಐವತ್ತೆರಡಕ್ಕೆ ಬಂದು ನಿಂತ ಮುಳ್ಳು, ಹೊರಗೆ ತುಟಿ ಒಡೆಯಲಿ, ಮಳೆ ಸುರಿಯಲಿ, ಐವತ್ತೆರಡನ್ನು ಬಿಟ್ಟು ಕದಲಲಿಲ್ಲ. ಮೇಲಿನವರಿಗೆ ಕಳುಹಿಸುವ ವರದಿಗಳಂತೆ ಅದೂ ಸದಾ ಸಮರ್ಪಕವಾಗಿತ್ತು. ಆಗ ಜುಂಜಮ್ಮ ತನ್ನ ಹಿಮ್ಮಡಿಯನ್ನು ನಂಬಿದಳು. ಚರ್ಮ ಬಿಗಿದರೆ ಐವತ್ತು, ಕಂಬಳಿಯ ಎಳೆ ಸಿಕ್ಕಿಕೊಂಡರೆ ನಲವತ್ತೈದು, ಉರಿದರೆ ನಲವತ್ತು. ಉರಿದ ದಿನ ಸೋಮವಾರವಾಗಲಿ ಬಿಡಲಿ ಡಬ್ಬಿಗಳಿಗೆ ನೀರು. ಹಿಮ್ಮಡಿಗೆ ಮಾತ್ರ ಅವಳು ಏನನ್ನೂ ಹಚ್ಚುತ್ತಿರಲಿಲ್ಲ. ಹಚ್ಚಿದರೆ ಗೊತ್ತಾಗುವುದು ಹೇಗೆ ಎನ್ನುತ್ತಿದ್ದಳು, ಮತ್ತು ಇದನ್ನು ತಮಾಷೆಗೆ ಹೇಳುತ್ತಿರಲಿಲ್ಲ.

ಮೇಷ್ಟರುಗಳಿಗೆ ಇದೆಲ್ಲ ಒಳ್ಳೆಯ ಮೋಜು. "ಜುಂಜಮ್ಮ ಎಲ್ಲಿ?" ಎಂದರೆ "ಬಾಣಂತನಕ್ಕೆ ಹೋಗ್ಯಾಳೆ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅವಳೂ ನಗುತ್ತಿದ್ದಳು. ಲತಾ ಹುಟ್ಟಿದಾಗ ಹಟ್ಟಿಯ ಪದ್ಧತಿಯಂತೆ ಅವಳ ಬಾಣಂತನ ನಡೆದದ್ದು ಹಟ್ಟಿಯ ಹೊರಗೆ, ಗರಿ ಹೊದಿಸಿದ ಒಂದು ಗುಡಿಸಲಿನಲ್ಲಿ, ಇಂಥದೇ ಮಾಗಿಯಲ್ಲಿ. ಗರಿಗಳ ಸಂದಿಯಿಂದ ನುಗ್ಗುವ ಗಾಳಿಗೆ ಒಂಬತ್ತು ದಿನದ ಕೂಸಿನ ತುಟಿ ಒಡೆದು ಹಾಲು ಕಚ್ಚಲಾರದೆ ಅಳುತ್ತಿದ್ದಾಗ, ಸೆರಗಿನ ತುದಿಯನ್ನು ಒದ್ದೆ ಮಾಡಿ ಆ ತುಟಿಗೆ ಒತ್ತುತ್ತ ಅವಳು ದಿನಗಳನ್ನು ಎಣಿಸಿದ್ದಳು. ಕೂಸು ಬದುಕಿತು. ಆ ಗಾಳಿಯನ್ನು ಅವಳು ಬಲ್ಲಳು. ಮೇಷ್ಟರುಗಳಿಗೆ ಇದನ್ನೇನೂ ಹೇಳಲು ಹೋಗಲಿಲ್ಲ.

ಹೆಡ್ಮಾಸ್ಟರು ಮುರುಗಪ್ಪನವರು ಕೆಟ್ಟವರಲ್ಲ, ಕೋಣೆಯ ಬಡತನವಿದ್ದವರು. ಬಿಸಿಯೂಟದ ಅಕ್ಕಿಮೂಟೆಗಳು ವರಾಂಡದಲ್ಲಿ ಇಲಿಯ ಪಾಲಾಗುತ್ತಿದ್ದರೆ, ಗಟ್ಟಿ ಬಾಗಿಲಿನ ಒಂದು ಕೋಣೆಯನ್ನು ಯಾರೂ ನುಡಿಸದ ವಾದ್ಯಗಳಿಗೆ ಬಿಟ್ಟುಕೊಡುವುದು ಅವರಿಗೆ ಸಹಜವಾಗಿಯೇ ಸಂಕಟ. "ಎಷ್ಟ್ ವರ್ಷ ಅಂತ ಕಾಯ್ತೀಯ ಜುಂಜಮ್ಮ? ಯಾರೂ ಬರಲ್ಲ" ಎಂದು ಅವರು ಪ್ರತಿ ಜೂನಿನಲ್ಲೂ ಹೇಳುವರು. "ಬರ್ತಾರೆ ಸಾ. ಬಂದಾಗ ಒಡೆದಿದ್ರೆ ಏನಂತ ಹೇಳಾಣ?" ಎಂದು ಇವಳು ಪ್ರತಿ ಜೂನಿನಲ್ಲೂ ಕೇಳುವಳು. ಮುರುಗಪ್ಪನವರು ತಲೆಯಾಡಿಸಿ ಮೂಟೆಗಳಿಗೆ ಟಾರ್ಪಾಲು ಹೊದಿಸಲು ಹೇಳುವರು.

ಕೊನೆಗೆ ಬಂದದ್ದು ಮೇಷ್ಟರಲ್ಲ, ಕಾಗದ. ಜುಂಜಮ್ಮನ ನಿವೃತ್ತಿಗೆ ಒಂದು ತಿಂಗಳು ಉಳಿದಿತ್ತು. ಬಳಕೆಯಲ್ಲಿಲ್ಲದ ವಾದ್ಯಗಳನ್ನು ಜಿಲ್ಲಾ ಕಚೇರಿಯ ಅಧಿಕಾರಿ ಉಷಾರಾಣಿಯವರು ಬಂದು ಪರಿಶೀಲಿಸುವರು; ಸು‌ಸ್ಥಿತಿಯಲ್ಲಿರುವವು ಚಿತ್ರದುರ್ಗದಲ್ಲಿ ಸಂಗೀತ ಶಿಕ್ಷಕರಿರುವ ಶಾಲೆಗೆ ಹೋಗತಕ್ಕದ್ದು, ಕೆಟ್ಟವು ಇಲ್ಲಿಯೇ ಉಳಿಯತಕ್ಕದ್ದು. ಓದಿ ಹೇಳಿದವರು ಡ್ರಿಲ್ ಮೇಷ್ಟರು ಕರಿಸಿದ್ದಪ್ಪ. ಬಾಣಂತನದ ತಮಾಷೆಯನ್ನು ಹುಟ್ಟುಹಾಕಿದವರೂ ಅವರೇ, ಆ ದಿನ ಮುಖ ಸಣ್ಣಗೆ ಮಾಡಿಕೊಂಡವರೂ ಅವರೊಬ್ಬರೇ.

"ಒಂದ್ ಮಾತು ಹೇಳ್ತೀನಿ ಕೇಳು ಜುಂಜಮ್ಮ" ಎಂದರು ಅವರು, ಬಾಗಿಲ ಕಡೆ ನೋಡಿ, ದನಿ ಇಳಿಸಿ. "ಬರೋ ವರ್ಷ ನಮಗೂ ಸಂಗೀತದೋರ್ನ ಹಾಕ್ತಾರೆ ಅಂತ ಸುದ್ದಿ ಐತೆ. ಮೇಡಂ ಬರೋದು ಇನ್ನು ಹದಿನೈದು ದಿನಕ್ಕೆ. ಅಲ್ಲೀವರ್ಗೂ ಡಬ್ಬಿ ತೆಗೆದಿಟ್ಟು ಪೆಟ್ಟಿಗೆ ಬಾಯಿ ತೆರೆದುಬಿಡು. ಸಣ್ಣದಾಗಿ ಸೀಳು ಬಿಟ್ರೆ ಸಾಕು, ಕೆಟ್ಟಿದ್ದನ್ನ ಯಾರೂ ಒಯ್ಯಲ್ಲ. ಆಮೇಲೆ ಅಂಟು ಹಾಕ್ಸಾಣ."

ಜುಂಜಮ್ಮ ಜೇಬಿನ ಬೀಗದ ಕೈ ಹಿಡಿದುಕೊಂಡು ಹೊರಬಂದಳು. ಇಷ್ಟು ವರ್ಷ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ: ಒಡೆಯದಂತೆ ಕಾಯುವುದು, ಇಲ್ಲೇ ಕಾಯುವುದು. ಈಗ ನೋಡಿದರೆ ಒಡೆಯದಂತೆ ಕಾದರೆ ಇಲ್ಲಿರುವುದಿಲ್ಲ, ಇಲ್ಲಿರಬೇಕೆಂದರೆ ಒಡೆಯಬೇಕು. ಅವಳಿಗೆ ಬಹಳ ಆಯಾಸವಾಯಿತು. ಆ ಗುರುವಾರ, ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ, ಅವಳು ಡಬ್ಬಿಗಳಿಗೆ ನೀರು ಹಾಕಲಿಲ್ಲ. ಎಲ್ಲವನ್ನೂ ಹೊರಗೆ ತೆಗೆದು ಕಿಟಕಿಯ ಮೇಲೆ ಪೇರಿಸಿ, ಹತ್ತು ಪೆಟ್ಟಿಗೆಗಳ ಬಾಯಿ ತೆರೆದಿಟ್ಟು, ಬೀಗ ಹಾಕಿಕೊಂಡು ಬಂದಳು. ಸೋಮವಾರವೂ ಹೋಗಲಿಲ್ಲ. ಹಿಮ್ಮಡಿ ಉರಿಯುತ್ತಿತ್ತು. ಊಟ ಸೇರಲಿಲ್ಲ. ತರಗತಿಯ ಗಂಟೆಯನ್ನು ಎರಡು ಸಲ ತಪ್ಪು ಹೊತ್ತಿಗೆ ಹೊಡೆದಳು. ಯಾರೂ ಬೈಯಲಿಲ್ಲ, ನಿವೃತ್ತಿಯಾಗುವವಳಲ್ಲವೇ ಎಂದು ಬಿಟ್ಟರು.

ಮುಂದಿನ ಗುರುವಾರ ಬೆಳಿಗ್ಗೆ ಅವಳು ಬೀಗ ತೆಗೆದಳು. ಯಾವುದೂ ಸೀಳಿರಲಿಲ್ಲ. ಚುಕ್ಕಿಯನ್ನು ಎತ್ತಿಕೊಂಡು, ಮೋಹನ್‌ಕುಮಾರ್ ಹೇಳಿಕೊಟ್ಟಿದ್ದಂತೆ ಅದರ ಕುತ್ತಿಗೆಯ ಅಂಚಿನ ಉದ್ದಕ್ಕೂ ಬೆರಳು ಆಡಿಸಿದಳು. ಸದಾ ನಯವಾಗಿರುತ್ತಿದ್ದ ಅಂಚು ಈಗ ಚುಚ್ಚಿತು. ಮರ ಕುಗ್ಗಿ, ಅದರೊಳಗೆ ಕೂರಿಸಿದ್ದ ಲೋಹದ ಪಟ್ಟಿಗಳ ತುದಿಗಳು ಹೊರಚಾಚಿದ್ದವು. ಕಂಬಳಿಗೆ ಸಿಕ್ಕಿಕೊಳ್ಳುವ ತನ್ನ ಹಿಮ್ಮಡಿಯನ್ನೇ ಮುಟ್ಟಿದ ಹಾಗಾಯಿತು ಅವಳಿಗೆ. ಇದು ಇನ್ನೂ ಒಡೆದಿಲ್ಲ, ಒಡೆಯುವ ಮುಂಚಿನ ಉರಿಯಲ್ಲಿದೆ. "ಅಯ್ಯೋ ನನ್ ಕೈ ಸೇದೋಗ" ಎಂದು ತನ್ನನ್ನು ತಾನೇ ಬೈದುಕೊಂಡು, ಚುಕ್ಕಿಯನ್ನು ಮಲಗಿಸಿ, ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಹೋದಳು, ತುದಿಗಾಲಲ್ಲಿ ಅಲ್ಲ, ಪೂರ್ತಿ ಪಾದ ಊರಿ, ಹಿಮ್ಮಡಿ ನೆತ್ತರಾದರೂ ಲೆಕ್ಕಿಸದೆ. ಆ ದಿನ ಮೊದಲ ಗಂಟೆ ಇಪ್ಪತ್ತು ನಿಮಿಷ ತಡವಾಗಿ ಹೊಡೆಯಿತು. ಇಪ್ಪತ್ತು ಡಬ್ಬಿಗಳೂ ಒದ್ದೆಯಾಗಿದ್ದವು.

ಉಷಾರಾಣಿಯವರು ಬಂದದ್ದು ಮರುವಾರ. ಹುಡುಗಿಯಾಗಿದ್ದಾಗ ವೀಣೆ ಕಲಿತವರಂತೆ. ಬೆರಳುಗಳಿಗೆ ತಂತಿಯ ಪರಿಚಯವಿತ್ತು. ಒಂದೊಂದೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಸಡಿಲವಾಗಿದ್ದ ತಂತಿಗಳನ್ನು ಬಿಗಿದು ಮೀಟಿದರು. ಕೆಂಚಿ ನುಡಿಯಿತು, ಮೋಟುಗಿವಿ ನುಡಿಯಿತು, ಚುಕ್ಕಿ ಎಲ್ಲಕ್ಕಿಂತ ಚೆನ್ನಾಗಿ ನುಡಿಯಿತು. ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ ಜುಂಜಮ್ಮ ಒಂದೊಂದು ದನಿಗೂ ಕೋಟಿನ ಎಡಜೇಬನ್ನು ಒಳಗಿನಿಂದ ಹಿಂಡುತ್ತಿದ್ದಳು. ಮಚ್ಚೆಯ ಸರದಿ ಬಂತು. ತಂತಿ ಮೀಟಿದರೆ ಮುಚ್ಚಿದ ಬಾಗಿಲನ್ನು ಮುಷ್ಟಿಯಿಂದ ತಟ್ಟಿದಂತೆ ದಪ್ಪೆಂದಿತು, ಅಲ್ಲಿಗೇ ನಿಂತಿತು. ಕಲೆಯ ಮೇಲೆ ಬೆರಳೊತ್ತಿ ಮೂಸಿ ನೋಡಿದ ಉಷಾರಾಣಿಯವರು ಅದನ್ನು ಪಕ್ಕಕ್ಕಿಟ್ಟರು.

"ಇದೊಂದು ಬೇಡ. ಉಳಿದ ಒಂಬತ್ತೂ ಹೊಸದರ ಹಾಗಿವೆಯಲ್ರೀ! ಇಷ್ಟು ವರ್ಷ ಯಾರು ನೋಡಿಕೊಂಡಿದ್ದು?"

"ಶಾಲೆಯ ವತಿಯಿಂದ ವಿಶೇಷ ಕಾಳಜಿ ವಹಿಸಿದ್ದೆವು ಮೇಡಂ" ಎಂದರು ಮುರುಗಪ್ಪನವರು. ಅವರು ಸುಳ್ಳು ಹೇಳಿದರೆನ್ನುವಂತಿಲ್ಲ. ಕೋಣೆಯನ್ನು ಬಿಟ್ಟುಕೊಟ್ಟದ್ದು ಅವರೇ.

ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುವಾಗ ಜುಂಜಮ್ಮ ಹದಿನೆಂಟು ಸೋಪು ಡಬ್ಬಿಗಳನ್ನು ಒಂದು ಬುಟ್ಟಿಯಲ್ಲಿ ತಂದು ಡ್ರೈವರನ ಪಕ್ಕದಲ್ಲಿಟ್ಟಳು. "ಸ್ವಾಮಾರ, ಗುರುವಾರ ಅಂತ ಹೇಳ್ರಿ ಅಲ್ಲಿಯೋರ್ಗೆ. ಹನಿ ಬೀಳಬಾರ್ದು, ಹಿಂಡಬೇಕು ಅಂತ ಹೇಳ್ರಿ." ಡ್ರೈವರು ತಲೆಯಾಡಿಸಿದ. ವ್ಯಾನು ಗೇಟು ದಾಟುವವರೆಗೆ ಅವಳು ಪೆಟ್ಟಿಗೆಗಳನ್ನು ಎಣಿಸುತ್ತ ನಿಂತಿದ್ದಳು, ರೊಪ್ಪದಿಂದ ಹೊರಬೀಳುವ ಕುರಿಗಳನ್ನು ಎಣಿಸಿದಂತೆ. ತಿಂಗಳ ಕೊನೆಗೆ ಅವಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮಚ್ಚೆಯನ್ನು ಏನು ಮಾಡುವುದೆಂದು ತೋಚದ ಮುರುಗಪ್ಪನವರು "ನೀನೇ ತಗಂಡೋಗು, ಇಲ್ಲಿದ್ರೆ ಸೌದೆ ಆಗ್ತದೆ" ಎಂದರು. ಕೋಟು, ಶಾಲು, ಹಣ್ಣು, ಗಿಟಾರು ಇಷ್ಟನ್ನೂ ಹೊತ್ತುಕೊಂಡು ಜುಂಜಮ್ಮ ಅದೇ ಊರಿನ ತನ್ನ ಎರಡು ಅಂಕಣದ ಮನೆಗೆ ನಡೆದಳು. ಕೋಣೆಯಲ್ಲಿ ಅಕ್ಕಿಮೂಟೆಗಳು ಬಂದು ಕುಳಿತವು. ಬರುವ ವರ್ಷ ಬರುತ್ತಾರೆಂದಿದ್ದ ಸಂಗೀತದವರು ಬರಲಿಲ್ಲ.

ಮುಂದಿನ ಮಾಗಿ ಬಂತು. ಹಿಮ್ಮಡಿ ಉರಿಯಿತು. ಅವಳು ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದಳು. ಕೇಳಿಕೊಂಡು ಆ ಶಾಲೆಯ ಗೇಟು ಮುಟ್ಟಿದಾಗ ಕಾವಲುಗಾರ "ಯಾರಮ್ಮ ನೀನು? ಯಾವ ಮಗೂ ಕಡೆಯೋಳು?" ಎಂದ. ಇದಕ್ಕೆ ಏನು ಹೇಳುವುದು? "ಗಿಟಾರಿಗೆ ನೀರು ಹಾಕೋಳಪ್ಪ" ಎಂದಳು. ಅವನು ಇವಳನ್ನು, ಇವಳ ಎರಡು ಬಣ್ಣದ ಕೋಟನ್ನು, ಬರಿಗಾಲನ್ನು ನೋಡಿ, ಏನು ಕಂಡನೋ, ಒಳಗೆ ಬಿಟ್ಟ.

ಒಂಬತ್ತೂ ಗಿಟಾರುಗಳು ಗೋಡೆಯ ಮೊಳೆಗಳಿಗೆ ದಾರ ಕಟ್ಟಿ ನೇತುಬಿದ್ದಿದ್ದವು, ಅಪ್ಪನ ಗಣೆ ಜಂತೆಗೆ ನೇತುಬಿದ್ದಿದ್ದಂತೆ. ಎದುರಿನ ಕಿಟಕಿಯಿಂದ ಬಿಸಿಲೂ ಗಾಳಿಯೂ ನೇರ ಅವುಗಳ ಮೈಮೇಲೆ. ನೇತುಬಿದ್ದಿದ್ದವು ಎಂದದ್ದು ತಪ್ಪು, ಎಂಟು ಮಾತ್ರ. ಒಂಬತ್ತನೆಯದಾದ ಚುಕ್ಕಿ ಒಬ್ಬ ಹುಡುಗಿಯ ತೊಡೆಯ ಮೇಲಿತ್ತು. ಚುಕ್ಕಿಯ ಮೈಯಲ್ಲಿ ಕೆಳಗಿನ ಅಂಚಿನಿಂದ ದುಂಡುಬಾಯಿಯವರೆಗೆ ಸೀಳು. ಹುಡುಗಿ ನುಡಿಸುತ್ತಿದ್ದಳು. ಸೀಳಿನ ಬಳಿ ಪ್ರತಿ ಸ್ವರವೂ ಜಿರ್ರೆಂದು ನಡುಗುತ್ತಿತ್ತು, ಆದರೂ ಹಾಡು ನಿಲ್ಲದೆ ಸಾಗುತ್ತಿತ್ತು, ಸುತ್ತ ಕುಳಿತ ಹುಡುಗಿಯರು ತಲೆದೂಗುತ್ತ ದನಿಗೂಡಿಸುತ್ತಿದ್ದರು. ಎಂಟು ವರ್ಷ ಜುಂಜಮ್ಮ ಕಾದದ್ದು ಈ ಸದ್ದಿಗಾಗಿಯೇ ಅಲ್ಲವೆ? ಸಿಟ್ಟು ಬಂತು, ಅದೇ ಗಳಿಗೆಯಲ್ಲಿ ಕಣ್ಣು ತುಂಬಿತು. ಯಾವುದು ಯಾವುದಕ್ಕೆಂದು ಬಿಡಿಸಿ ನೋಡುವಷ್ಟು ಶಕ್ತಿ ಅವಳಲ್ಲಿರಲಿಲ್ಲ.

"ಆ ಸೋಪು ಡಬ್ಬಿಗಳಾ? ಸ್ಟೋರಿನಲ್ಲೆಲ್ಲೋ ಇರಬೇಕು ಅಮ್ಮ" ಎಂದಳು ಕೀರ್ತನಾ ಎಂಬ ಎಳೆಯ ಸಂಗೀತ ಶಿಕ್ಷಕಿ. ಒಳ್ಳೆಯ ಹುಡುಗಿ, ಕುರ್ಚಿ ಎಳೆದು ಕೊಟ್ಟಳು. "ದಿನಾ ನಲವತ್ತು ಮಕ್ಕಳು ನುಡಿಸ್ತಾರೆ. ಪೆಟ್ಟಿಗೇಲಿಟ್ಟು ತೆಗೆಯೋದೇ ಆದ್ರೆ ಪೀರಿಯಡ್ಡು ಅಲ್ಲಿಗೇ ಮುಗಿದುಹೋಗುತ್ತೆ."

ಅದೂ ನಿಜವೇ. ಜುಂಜಮ್ಮ ಎಡಜೇಬಿನಿಂದ ಒದ್ದೆ ಬಟ್ಟೆ ತೆಗೆದು, ಬಿಡಿಸಿ, ಕಿಟಕಿಯ ಸರಳುಗಳಿಗೆ ಹರಡಿದಳು. "ಗಾಳಿ ಇಲ್ಲಿಂದ ಬರ್ತೈತೆ ಮೇಡಮ್ನೋರೇ. ದಿನಾ ಒದ್ದೆ ಮಾಡಿ ಇಲ್ಲಿ ಹಾಕ್ರಿ, ಅಷ್ಟು ಮಾಡ್ರಿ ಸಾಕು." ಹಾಕುತ್ತೇನೆಂದು ಕೀರ್ತನಾ ಹೇಳಿದಳು. ಹಾಕಿದಳೋ ಇಲ್ಲವೋ ದೇವರೇ ಬಲ್ಲ.

ಅಂದು ಮನೆಗೆ ಬಂದವಳು ಮಚ್ಚೆಯ ಪೆಟ್ಟಿಗೆ ತೆರೆದಳು. ಅಂಚಿನ ಮೇಲೆ ಬೆರಳಾಡಿಸಿದಳು, ನಯವಾಗಿತ್ತು. ಒಂದು ಕೂದಲೆಳೆಯ ಸೀಳೂ ಇರಲಿಲ್ಲ. ತಾನು ಕೆಡಿಸಿದ್ದೊಂದೇ ತನ್ನ ಕೈಯಲ್ಲಿ ಉಳಿದಿತ್ತು, ಅದೊಂದೇ ಒಡೆಯದೆಯೂ ಇತ್ತು. ನುಡಿಸಲು ಬಾರದವರು ಮುಟ್ಟಬಾರದೆಂಬ ಅಪ್ಪನ ಮಾತನ್ನು ಅರವತ್ತು ವರ್ಷ ಮೀರದವಳು, ಆ ದಿನ ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ದಪ್ಪೆಂದಿತು, ನಿಂತಿತು. ಇನ್ನೇನಾದರೂ ಬರುತ್ತದೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತಳು. "ಇನ್ನೇನ್ ಮತ್ತೆ" ಎಂದು ಎದ್ದು, ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಬಟ್ಟೆ ಅದ್ದಿದಳು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಯಾರೋ ಬರುತ್ತೇನೆಂದು ಹೇಳಿ ಕೈಗಿತ್ತು ಹೋದದ್ದನ್ನು, ಬಂದಾಗ ಕೆಟ್ಟಿರಬಾರದೆಂಬ ಒಂದೇ ಹಟಕ್ಕೆ, ತಮಗೆ ಅದರಿಂದ ಒಂದು ಸ್ವರವೂ ಸಿಗದಿದ್ದರೂ ಕಾಯುತ್ತ ಕೂರುವವರು. ಅವರ ದುಡಿಮೆಗೆ ಇರುವ ಗುರುತು ಒಂದೇ, ಏನೂ ಆಗದಿರುವುದು. ಏನೂ ಆಗದಿರುವುದನ್ನು ಬಂದು ನೋಡಿ ಭೇಷ್ ಎನ್ನುವವರು ಯಾರಿದ್ದಾರೆ? ಚೆನ್ನಾಗಿ ಕಾದದ್ದನ್ನು ಲೋಕ ಒಯ್ಯುತ್ತದೆ, ಒಯ್ದು ಬಳಸುತ್ತದೆ, ಬಳಸಿ ಒಡೆಯುತ್ತದೆ, ಅದು ಲೋಕದ ತಪ್ಪೆಂದು ಹೇಳುವಂತೆಯೂ ಇಲ್ಲ. ಇವರಿಗೆ ಉಳಿಯುವುದು ತಮ್ಮದೇ ಒಂದು ಹಳೆಯ ತಪ್ಪು ಮತ್ತು ಕಾಯುವ ಅಭ್ಯಾಸ. ಅವರನ್ನು ಕಂಡು ಮರುಗಿದರೆ ಅವರಿಗೇ ಮುಜುಗರ. ಸೋಮವಾರ ಬರುತ್ತದೆ, ಗುರುವಾರ ಬರುತ್ತದೆ, ಡಬ್ಬಿಯ ಬಟ್ಟೆ ಒಣಗಿರುತ್ತದೆ.